ಅರ್ಧ ನಿಮಿಷದ ತೋಡಿ

ಹೋದ ತಿಂಗಳು ಹಳೆಯ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆಂದು ಶಿಡ್ಲಘಟ್ಟಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಾಗ, ನಾವು ಹಿಂದೆ ಬಾಡಿಗೆಗಿದ್ದ ಬೀದಿಯ ತಿರುವಿನಲ್ಲಿ, ರೇಷ್ಮೆ ಗೂಡು ಬೇಯಿಸುವ ಆ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಬೇರೆಯವರಿಗೆ ಆ ವಾಸನೆಯಿಂದ ರೇಷ್ಮೆ ಸೀರೆ ನೆನಪಾಗುತ್ತದೋ ಏನೋ, ನನಗೆ ಮಾತ್ರ ಸ್ಪೀಕರ್ ವೈರು ನೆನಪಾಗುತ್ತದೆ. ಸ್ಪೀಕರ್ ವೈರು ನೆನಪಾದರೆ ಇಷ್ಟು ವರ್ಷಗಳಾದ ಮೇಲೂ ಮೈ ಉರಿಯುತ್ತದೆ. ಗೃಹಪ್ರವೇಶದ ಊಟಕ್ಕೆ ಕೂತಾಗಲೂ ನನ್ನ ಮುಖ ಗಂಟಿಕ್ಕಿಕೊಂಡೇ ಇತ್ತೆಂದು ಕಾಣುತ್ತದೆ, ಪಾಪ ಆ ಸಹೋದ್ಯೋಗಿ ಎರಡು ಸಲ ಬಂದು "ಸಾರು ಚೆನ್ನಾಗಿಲ್ವಾ ಮೇಡಂ?" ಎಂದು ಕೇಳಿದರು.

ನಮ್ಮ ತಾಲ್ಲೂಕನ್ನು ಕೋಲಾರದಿಂದ ಬಿಡಿಸಿ ಚಿಕ್ಕಬಳ್ಳಾಪುರವೆಂಬ ಹೊಸ ಜಿಲ್ಲೆಗೆ ಸೇರಿಸಿದ ವರ್ಷ ಅದು. ನಾನು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ನನ್ನ ಗಂಡ ಆನಂದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮನೆಯಲ್ಲಿ ನಮ್ಮಿಬ್ಬರ ಜೊತೆ ನನ್ನ ಮಾವ ಪಿಳ್ಳಪ್ಪನವರು ಇದ್ದರು. ತೊಂಡೇಬಾವಿ ಸ್ಟೇಷನ್ನಿನ ಆಚೀಚೆಯ ರೈಲು ಹಳಿಯ ಮೇಲೆ ಕೀಮ್ಯಾನ್ ಆಗಿ ಜೀವಮಾನವೆಲ್ಲ ನಡೆದವರು. ಉದ್ದನೆ ಸುತ್ತಿಗೆ ಹಿಡಿದು ಹಳಿಯ ಗೂಟಗಳನ್ನು ಬಡಿಯುತ್ತಾ ಹೋಗುವುದು, ಸದ್ದು ಕೇಳಿ ಯಾವುದು ಗಟ್ಟಿ ಯಾವುದು ಸಡಿಲ ಎಂದು ತಿಳಿಯುವುದು ಅವರ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ, ಅತ್ತೆ ತೀರಿಕೊಂಡ ಮೇಲೆ, ನಮ್ಮಲ್ಲಿಗೆ ಬಂದಿದ್ದರು. ಇಂಥ ಕಿವಿಯೇ ಮೊದಲು ಕೈಕೊಟ್ಟಿತು. ಬೀದಿಯಲ್ಲಿ ಹಿಂದಿನಿಂದ ಆಟೋ ಬಂದರೆ ಸರಿಯುತ್ತಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಚಿಕ್ಕಬಳ್ಳಾಪುರದ ಕಿವಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು.

ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. "ಎಡಗಿವಿ ಮುಗಿದೋಗಿದೆ. ಬಲಗಿವೀಲಿ ಸ್ವಲ್ಪ ಉಳಿದಿದೆ, ಅದೂ ಇಳೀತಾ ಇದೆ. ಮಿಷಿನ್ ಹಾಕ್ಕೊಂಡ್ರೆ ಮಾತು ಒಂದಷ್ಟು ದಿನ ತಿಳಿಯುತ್ತೆ. ಸಂಗೀತ ಗಿಂಗೀತ ಕೇಳೋ ಆಸೆ ಇದ್ರೆ ಈಗ್ಲೇ ಕೇಳಿಸಿಬಿಡಿ."

ವಾಪಸ್ ಬರುವ ಬಸ್ಸಿನಲ್ಲಿ ಮಾವ ಮಗನ ಕಡೆ ತಿರುಗಿ, "ತೋಡಿ ರಾಗ ಕೇಳ್ಬೇಕು ಕಣಪ್ಪ, ನಾದಸ್ವರದಲ್ಲಿ," ಎಂದರು. ಅವರು ಏನಾದರೂ ಬೇಕೆಂದು ಬಾಯಿಬಿಟ್ಟು ಕೇಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವರ ಚಿಕ್ಕಂದಿನಲ್ಲಿ ಊರ ಗುಡಿಯ ಒಳಕ್ಕೆ ನಮ್ಮ ಜನರನ್ನು ಬಿಡುತ್ತಿರಲಿಲ್ಲ. ಆದರೆ ನಾದಸ್ವರಕ್ಕೆ ಗೋಡೆ ಅಡ್ಡ ಬರುತ್ತಿರಲಿಲ್ಲವಂತೆ. ಗುಡಿಯ ಹಿಂದೆ ಹುಣಸೆಮರದ ಬುಡದಲ್ಲಿ ನಿಂತು ಕೇಳುತ್ತಿದ್ದರಂತೆ. ಯಾರಾದರೂ ಬಂದು ಗದರಿದರೆ ಅರ್ಧಕ್ಕೇ ಬಿಟ್ಟು ಹೋಗಬೇಕು. ಆಮೇಲೆ ಹಳಿಯ ಮೇಲಿದ್ದಾಗಲೂ ಅಷ್ಟೇ, ಎಲ್ಲೋ ಮದುವೆಯ ವಾಲಗ ಕೇಳಿಸುತ್ತಿತ್ತು, ಅಷ್ಟರಲ್ಲಿ ಗಾಡಿ ಬರುತ್ತಿತ್ತು. "ತೋಡಿ ಬಾಯಿ ಬಿಡೋದೇ ಕಾಲು ಗಂಟೆ ಆದ್ಮೇಲೆ. ಒಂದ್ಸಲ ನಮ್ಮನೇಲಿ, ಕುರ್ಚಿ ಮೇಲೆ ಕೂತ್ಕೊಂಡು, ಶುರುವಿಂದ ಕೊನೆಗಂಟ ಕೇಳ್ಬಿಟ್ರೆ ಸಾಕು."

ಇದರಲ್ಲಿ ಕಷ್ಟವೇನಿದೆ ಹೇಳಿ. ಒಂದು ಸಿ.ಡಿ. ತರಬೇಕು, ಟೀವಿ ಪಕ್ಕದಲ್ಲಿದ್ದ ಹಳೆಯ ಪ್ಲೇಯರಿಗೆ ಹಾಕಬೇಕು, ಗುಂಡಿ ಒತ್ತಬೇಕು. ಆನಂದ ಸಿ.ಡಿ.ಯನ್ನೇನೋ ಆ ವಾರವೇ ತಂದರು. ಆದರೆ ಹಳೆಯ ಪ್ಲೇಯರಿಗೆ ಹಾಕಲಿಲ್ಲ. "ಅದ್ರಲ್ಲಿ ಕೇಳೋದೂ ಒಂದೇ, ಡಬ್ಬ ಬಡಿಯೋದೂ ಒಂದೇ. ಅಪ್ಪಂಗೆ ಉಳಿದಿರೋದು ಇಷ್ಟೇ ಇಷ್ಟು ಕಿವಿ. ಅದಕ್ಕೆ ಒಳ್ಳೇದೇ ಕೇಳಿಸ್ಬೇಕು," ಎಂದರು. ಈ ಮಾತಿನಲ್ಲಿ ಪ್ರೀತಿ ಇರಲಿಲ್ಲವೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಅವರಿಗೆ ಕಾಲೇಜಿನ ದಿನದಿಂದಲೂ ಸ್ಪೀಕರುಗಳ ಹುಚ್ಚಿತ್ತು, ಈಗ ಅದಕ್ಕೊಂದು ಪುಣ್ಯದ ಕಾರಣ ಸಿಕ್ಕಿತು. ಹಳೆಯ ಪ್ಲೇಯರನ್ನು ಚಿಂತಾಮಣಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಗೆಳೆಯ ನಯಾಜ್‌ಗೆ ಬಿಡಿಭಾಗಕ್ಕೆಂದು ಕೊಟ್ಟೇಬಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿದ್ದೇನೆ. ಇವರು ಕುಲಾವಿ ಹೊಲಿಸಲು ಇದ್ದ ತೊಟ್ಟಿಲನ್ನೇ ಕೊಟ್ಟುಬಂದರು.

ನಯಾಜ್‌ನ ವಾದ, ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಅಂಕಿಗಳನ್ನು ಸದ್ದಾಗಿಸುವ ಒಂದು ಪುಟ್ಟ ಡಬ್ಬಿಯ ಮೂಲಕ ಕೇಳಬೇಕು ಎಂಬುದು. "ಅರೆ ಭಾಯ್, ಸಿ.ಡಿ. ತಿರುಗೋದು, ಅಲ್ಲಾಡೋದು, ಗೀರು ಬೀಳೋದು ಇನ್ನೆಷ್ಟು ದಿನ? ಎಲ್ಲಾ ಹಾರ್ಡ್ ಡಿಸ್ಕಿಗೆ ಬರ್ತಾ ಇದೆ," ಎನ್ನುತ್ತಿದ್ದ. ಇನ್ನೊಬ್ಬ ಗೆಳೆಯ ಮುರಳಿ, ನಮ್ಮೂರ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಅವನ ಪ್ರಕಾರ ಕಂಪ್ಯೂಟರಿನೊಳಗೆ ಫ್ಯಾನು, ಮೋಟರು, ನೂರೆಂಟು ಗದ್ದಲ, ಒಳ್ಳೆಯ ಸಿ.ಡಿ. ಪ್ಲೇಯರಿಗೆ ಸಮ ಇನ್ನೊಂದಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ನಡುವೆ ಆನಂದ ದೊಡ್ಡ ಸ್ಪೀಕರುಗಳ ಜೊತೆಗೆ ಎರಡನ್ನೂ ತಂದಿಟ್ಟುಕೊಂಡು, ಯಾವುದೆಂದು ತೀರ್ಮಾನಿಸಲಾಗದೆ ಒದ್ದಾಡುತ್ತಿದ್ದರು. ಯುಗಾದಿಯ ಹೊತ್ತಿಗೆ ನಮ್ಮ ಹಾಲಿನಲ್ಲಿ ಮನುಷ್ಯರು ಕೂರಲು ಜಾಗವಿರಲಿಲ್ಲ.

ಆಮೇಲೆ ಶುರುವಾಯಿತು ನೋಡಿ, ದೋಷ ಹುಡುಕುವ ಕೆಲಸ. ಮೊದಲು ಕರೆಂಟ್ ಸರಿಯಿಲ್ಲವೆಂದರು. ಪಕ್ಕದಲ್ಲೇ ನೂಲು ಬಿಚ್ಚುವ ರೀಲಿಂಗ್ ಘಟಕವಿತ್ತು, ಅದರ ಮೋಟರುಗಳ ಕೊಳಕೆಲ್ಲ ತಂತಿಯಲ್ಲಿ ಹರಿದು ನಮ್ಮ ತೋಡಿಗೆ ಸೇರುತ್ತದಂತೆ. ಹಾಗಾಗಿ ಸಂಜೆ ಆ ಘಟಕ ನಿಲ್ಲುವ ತನಕ ಯಾರೂ ಏನೂ ಕೇಳುವಂತಿಲ್ಲ. ನಿಂತ ಮೇಲೆ ನಮ್ಮ ಫ್ರಿಜ್ ಸರದಿ. ಅದನ್ನೂ ಆರಿಸಬೇಕು. ಬೇಸಿಗೆಯಲ್ಲಿ ವಾರಕ್ಕೆರಡು ಸಲವಾದರೂ ಹಾಲು ಒಡೆಯುತ್ತಿತ್ತು. ನಾನು ಒಡೆದ ಹಾಲಿನ ಪಾತ್ರೆಯನ್ನು ತಂದು ಮೂವರ ಮುಂದೆ ಇಟ್ಟೆ. ಮುರಳಿ ಅದನ್ನು ನೋಡಿ, "ಅತ್ತಿಗೆ, ಫ್ರಿಜ್ ಆಫ್ ಮಾಡಿದ್ಮೇಲೆ ಮಂದ್ರ ಎಷ್ಟು ಕ್ಲಿಯರ್ ಆಯ್ತು ಗಮನಿಸಿದ್ರಾ?" ಎಂದ.

ಗೋಡೆಯ ಮೇಲಿನ ಬುದ್ಧನ ಪಟದ ಗಾಜು ಸಣ್ಣಗೆ ಅದುರುತ್ತದೆಂದು ಅದನ್ನು ಇಳಿಸಿ ಒಳಕೋಣೆಗೆ ಸಾಗಿಸಿದರು. ಮಾವ ಅದನ್ನು ನೋಡುತ್ತಾ, "ಬುದ್ಧ ಏನ್ ಗಲಾಟೆ ಮಾಡ್ತಾನ್ರಪ್ಪ?" ಎಂದು ಕೇಳಿದರು. ಯಾರೂ ನಗಲಿಲ್ಲ, ಮೂವರೂ ಗೋಡೆ ಬಡಿದು ನೋಡುತ್ತಿದ್ದರು. ಬರಿಗೋಡೆಯಿಂದ ಸದ್ದು ವಾಪಸ್ ಬರುತ್ತದೆಂದು ತೀರ್ಮಾನವಾಯಿತು. ಅದಕ್ಕೆ ಮದ್ದೆಂದು ಮನೆ ಮಾಲೀಕರ ಕೊಟ್ಟಿಗೆಯಿಂದ ಹಳೆಯ ಚಂದ್ರಿಕೆಗಳನ್ನು ಹೊತ್ತು ತಂದರು. ಹಣ್ಣಾದ ರೇಷ್ಮೆಹುಳು ಗೂಡು ಕಟ್ಟಲೆಂದು ಬಿಡುತ್ತಾರಲ್ಲ, ಬಿದಿರ ದಬ್ಬೆಯ ಸುರುಳಿ ಸುತ್ತಿದ ಆ ದೊಡ್ಡ ತಟ್ಟಿಗಳು. ಅವನ್ನು ಹಾಲಿನ ಗೋಡೆಗೆಲ್ಲ ಒರಗಿಸಿದರು. ಸುರುಳಿಯೊಳಗೆ ಹೊಕ್ಕ ಸದ್ದು ದಾರಿ ತಪ್ಪಿ ಅಲ್ಲೇ ಉಳಿಯುತ್ತದಂತೆ. ಉಳಿದದ್ದು ಒಣಗಿದ ಹುಳುವಿನ ನಾತ. ಬಾಗಿಲಲ್ಲಿ ಹೋಗುತ್ತಿದ್ದ ಗೂಡಿನ ದಲ್ಲಾಳಿಯೊಬ್ಬ ಒಳಗೆ ಇಣುಕಿ, "ಏಮಮ್ಮ, ಮೇಷ್ಟ್ರಮ್ಮ, ಹುಳ ಯಾವಾಗ ಮೇಯಿಸಿದ್ರಿ? ಗೂಡು ಯಾವಾಗ ಬಿಡಿಸ್ತೀರಾ?" ಎಂದು ಕೇಳಿದ. ಹಾಡು ಕೇಳಕ್ಕೆ ಇಟ್ಟಿದ್ದೀವಿ ಎಂದೆ. ಅವನು ನನ್ನನ್ನು ಒಂದು ಥರ ನೋಡಿ ಹೋದ.

ಇಷ್ಟೆಲ್ಲ ಆದರೂ ತೋಡಿ ಎಲ್ಲಿ? ದಿನಾ ಇತ್ತು, ಅರ್ಧ ನಿಮಿಷದಷ್ಟು. ಎರಡು ಯಂತ್ರಗಳನ್ನು ಹೋಲಿಸಬೇಕಾದರೆ ಒಂದೇ ತುಣುಕನ್ನು ಎರಡರಲ್ಲೂ ಕೇಳಬೇಕು, ಅದಕ್ಕಿಂತ ಉದ್ದವಾದರೆ ಕಿವಿಗೆ ಮೊದಲನೆಯದು ಮರೆತುಹೋಗುತ್ತದೆ ಎಂದು ಮುರಳಿ ನಿಯಮ ಮಾಡಿದ್ದ. ತೋಡಿಯ ಮೊದಲ ಎಳೆ ಜಾರಿಕೊಂಡು ಬರುವುದು, ಊದುವವರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಟಕ್ ಎಂದು ನಿಲ್ಲುವುದು. ಮತ್ತೆ ಅದೇ ಎಳೆ, ಮತ್ತೆ ಟಕ್. ಹಾಲು ಹಾಕುವ ರತ್ನಮ್ಮನಿಗೂ ಅಷ್ಟು ಭಾಗ ಬಾಯಿಪಾಠವಾಗಿತ್ತು. ಆ ಎಳೆಯ ಮುಂದೆ ಏನಿದೆಯೆಂದು ಮಾತ್ರ ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಇದಕ್ಕೆಲ್ಲ ತೀರ್ಪುಗಾರರು ಮಾವ. ಹಳಿಯ ಸದ್ದಿನಲ್ಲಿ ಸಡಿಲ ಗೂಟ ಹಿಡಿದ ಕಿವಿ ಅದು, ಕಾಲುಭಾಗ ಉಳಿದಿದ್ದರೂ ನಮ್ಮ ಕಿವಿಗಿಂತ ಮೇಲು ಎಂದು ಆನಂದ ಹೇಳಿದ್ದರು, ಉಳಿದಿಬ್ಬರೂ ಒಪ್ಪಿದ್ದರು. ಮಾವನನ್ನು ಹಾಲಿನ ನಡುವಿನ ಕುರ್ಚಿಯಲ್ಲಿ ಕೂರಿಸಿ, ಕಿವಿಯ ಮಿಷಿನ್ನಿನ ಸದ್ದು ಬೆರೆಯಬಾರದೆಂದು ಅದನ್ನೂ ತೆಗೆಸಿ, ದಿನಾ ಅಂಗಡಿ ಮುಚ್ಚಿಕೊಂಡು ಬರುತ್ತಿದ್ದ ನಯಾಜ್ ಒಂದು ಬೆರಳು ಎತ್ತುತ್ತಿದ್ದ. ತುಣುಕು ಮುಗಿದ ಮೇಲೆ ಎರಡು ಬೆರಳು. ಆಮೇಲೆ ಮೂವರೂ ಅವರ ಮುಂದೆ ನೆಲದ ಮೇಲೆ ಕೂತು ಮುಖ ನೋಡುತ್ತಿದ್ದರು.

"ಯಾವುದಪ್ಪ? ಒಂದಾ, ಎರಡಾ?"

ಮಾವ ಯೋಚಿಸಿ, "ಒಂದು ಸ್ವಲ್ಪ ಗಟ್ಟಿ ಇದೆ," ಎನ್ನುತ್ತಿದ್ದರು. ಮಾರನೆಯ ದಿನ, "ಇವತ್ತು ಎರಡು. ಎರಡ್ರಲ್ಲಿ ನಾದ ಬಿಚ್ಕೊಂಡಿದೆ." ಅಷ್ಟು ಸಾಕು, ಗಟ್ಟಿ ಎಂದರೇನು, ಬಿಚ್ಚಿಕೊಳ್ಳುವುದೆಂದರೇನು ಎಂದು ಆ ಮೂವರು ಊಟದ ತಟ್ಟೆ ಒಣಗುವ ತನಕ ಜಗಳವಾಡುತ್ತಿದ್ದರು. ಏಳುವಾಗ ಮಾವ ದಿನವೂ ಕೇಳುತ್ತಿದ್ದರು, "ಪೂರ್ತಿ ಯಾವಾಗ ಹಾಕ್ತೀರಪ್ಪ?" ಮಗ ಬಗ್ಗಿ ಅವರ ಬಲಗಿವಿಗೆ ಕೂಗುತ್ತಿದ್ದರು, "ಇದೊಂದು ತೀರ್ಮಾನ ಆಗ್ಲಪ್ಪ. ಆಮೇಲೆ ದಿನಾ ಪೂರ್ತೀನೆ."

ಬೇಸಿಗೆ ರಜೆಯಲ್ಲಿ ನನಗೆ ತಾಳ್ಮೆ ಕೆಟ್ಟಿತು. ಶಾಲೆಯ ಟೇಪ್ ರೆಕಾರ್ಡರನ್ನು ಹೆಡ್ ಮೇಷ್ಟ್ರನ್ನು ಕೇಳಿ ಮನೆಗೆ ತಂದೆ, ಪರಿಚಯದವರಿಂದ ನಾದಸ್ವರದ ತೋಡಿಯ ಕ್ಯಾಸೆಟ್ ತಂದೆ. ಒಂದು ಮಧ್ಯಾಹ್ನ ಅಡಿಗೆಮನೆಯಲ್ಲಿ ಮಾವನನ್ನು ಮಣೆಯ ಮೇಲೆ ಕೂರಿಸಿ, ಬಲಗಿವಿಯ ಪಕ್ಕದಲ್ಲಿ ಟೇಪ್ ಇಟ್ಟು ಜೋರಾಗಿ ಹಾಕಿದೆ. ಅವರ ಮುಖ ನೋಡಬೇಕಿತ್ತು ನೀವು. ತುಟಿ ಸಣ್ಣಗೆ ಅಲುಗುತ್ತಿತ್ತು, ಕೈ ತಾನಾಗಿ ಮೇಲೆದ್ದಿತ್ತು. ಸದ್ದು ತಗಡಿನಂತಿತ್ತು, ನಿಜ. ಅವರಿಗೆ ಅದರ ಪರಿವೆಯೇ ಇರಲಿಲ್ಲ, ರಾಗ ಮುಂದೆ ಹೋಗುತ್ತಿತ್ತು, ಅಷ್ಟೇ ಬೇಕಿತ್ತು. ಇನ್ನೇನು ತೋಡಿ ಬಾಯಿ ಬಿಡಬೇಕು, ಅಷ್ಟರಲ್ಲಿ ಆನಂದ ಕಚೇರಿಯಿಂದ ಬಂದವರು ಬಾಗಿಲಲ್ಲೇ ಕಿವಿ ಮುಚ್ಚಿಕೊಂಡರು. ಸೀದಾ ಬಂದು ಗುಂಡಿ ಒತ್ತಿ ನಿಲ್ಲಿಸಿದರು.

"ಈ ದರಿದ್ರ ಸೌಂಡ್ ಕೇಳಿಸಿ ಇರೋ ಅಷ್ಟು ಕಿವೀನೂ ಹಾಳು ಮಾಡ್ತೀಯಾ?"

"ಇರೋ ಅಷ್ಟು ಕಿವಿ ನಿಮ್ಗೋಸ್ಕರ ಕಾಯ್ತಾ ಕೂತಿರುತ್ತಾ?" ಎಂದೆ.

"ಇನ್ನೊಂದು ತಿಂಗಳು ಕಣೇ. ನಯಾಜ್ ಹೊಸ ಡಬ್ಬಿ ತರಿಸ್ತಾ ಇದಾನೆ."

ಮಾವ ಇಬ್ಬರ ಮುಖವನ್ನೂ ನೋಡಿ ಎದ್ದು, "ಹೋಗ್ಲಿ ಬಿಡಮ್ಮ. ಮಗ ಹಾಕ್ತಾನೆ," ಎಂದು ನನ್ನನ್ನೇ ಸಮಾಧಾನ ಮಾಡಿದರು. ನಾನು ಕೈವಾರದಲ್ಲಿ ಉತ್ಸವದ ದಿನ ನಾದಸ್ವರ ಇರುತ್ತದೆ, ಅಲ್ಲಿಗಾದರೂ ಕರೆದುಕೊಂಡು ಹೋಗೋಣ ಎಂದೆ. ಅಲ್ಲಿ ಮೈಕ್ ಸೆಟ್ ಸರಿಯಿಲ್ಲವೆಂದು ಉತ್ತರ ಬಂತು. ಎದುರಿಗೆ ಮನುಷ್ಯ ಕೂತು ಊದುತ್ತಿದ್ದರೂ ಅದರಲ್ಲಿ ದೋಷ ಕಾಣುವವರಿಗೆ ಏನು ಹೇಳುವುದು? ಟೇಪ್ ರೆಕಾರ್ಡರನ್ನು ಶಾಲೆಗೆ ವಾಪಸ್ ಕೊಟ್ಟೆ. ಆ ವಾರವೆಲ್ಲ ಆನಂದರ ಜೊತೆ ನಾನು ಮಾತಾಡಲಿಲ್ಲ, ಅವರಿಗೆ ಅದು ಗೊತ್ತೂ ಆಗಲಿಲ್ಲ.

ಮಳೆಗಾಲ ಬಂದು ನಮ್ಮ ಕಡೆ ಹೇಗೋ ಹಾಗೆ ಎರಡು ಹನಿ ಚಿಮುಕಿಸಿ ಹೋಯಿತು. ಗೌರಿ ಹಬ್ಬದ ಹೊತ್ತಿಗೆ ಹೊಸ ಡಬ್ಬಿ ಬಂತು, ಅದಕ್ಕೆ ತಕ್ಕ ವೈರು ಬರಲಿಲ್ಲ. ವೈರು ಬಂದ ಮೇಲೆ, ಸ್ಪೀಕರ್ ಕೆಳಗೆ ಚಪ್ಪಡಿ ಕಲ್ಲು ಬೇಕೆಂದರು. ಮಾವ ಮಾತ್ರ ದಿನವೂ ಸಂಜೆ ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೊತ್ತಿಗೆ ಮುಂಚೆಯೇ ಕುರ್ಚಿಯಲ್ಲಿ ಕೂರುತ್ತಿದ್ದರು. ಪೂರ್ತಿ ಯಾವಾಗ ಹಾಕುತ್ತೀರಿ ಎಂದು ಕೇಳುವುದನ್ನು ಯಾವಾಗಲೋ ನಿಲ್ಲಿಸಿದ್ದರು. ಅವರಿಗೂ ಬೇಸರ ಬಂದಿದೆಯೆಂದು ನಾನು ಅಂದುಕೊಂಡೆ. ಕಾಫಿ ಬೇಕಾ ಎಂದರೆ ಊಟ ಆಯಿತಮ್ಮ ಎನ್ನುತ್ತಿದ್ದರು, ಆದರೆ ಅದು ಮೊದಲಿನಿಂದಲೂ ಇದ್ದದ್ದೇ.

ದಸರಾ ರಜೆಯಲ್ಲಿ ಫೈನಲ್ ಎಂದು ಮುರಳಿ ಸಾರಿದ. ಅದಕ್ಕೆ ಆರಿಸಿದ ದಿನ ಆಯುಧಪೂಜೆ. ಪೂಜೆಯ ಭಕ್ತಿಯಿಂದಲ್ಲ. ಅವತ್ತು ಊರಿನ ರೀಲಿಂಗ್ ಘಟಕಗಳೆಲ್ಲ ಚೆಂಡುಹೂವಿನ ಹಾರ ಹಾಕಿಕೊಂಡು ಸುಮ್ಮನಿರುತ್ತವೆ, ಒಂದು ಮೋಟರೂ ತಿರುಗುವುದಿಲ್ಲ. "ವರ್ಷಕ್ಕೊಂದೇ ದಿನ ಅತ್ತಿಗೆ, ಶಿಡ್ಲಘಟ್ಟದಲ್ಲಿ ಇಂಥ ಕರೆಂಟ್ ಬರೋದು," ಎಂದು ಅವನು ಕೈಮುಗಿದೇ ಹೇಳಿದ. ನಯಾಜ್ ಚಿಂತಾಮಣಿಯಿಂದ ಬಂದು ತನ್ನ ಹೊಸ ಡಬ್ಬಿಯನ್ನು ಜೋಡಿಸಿದ್ದ. ಇವತ್ತು ಅಪ್ಪ ಯಾವುದು ಹೇಳುತ್ತಾರೋ ಅದೇ ಅಂತಿಮ, ಆಮೇಲೆ ಪೂರ್ತಿ ತೋಡಿ ಎಂದು ಆನಂದ ನನಗೆ ಮಾತು ಕೊಟ್ಟಿದ್ದರು. ನಾನು ಬಾಗಿಲ ಹತ್ತಿರ ಕೂತು ಹುರುಳಿಕಾಯಿ ಮುರಿಯುತ್ತಿದ್ದೆ.

ನಯಾಜ್ ಒಂದು ಬೆರಳು ಎತ್ತಿದ. ಸಿ.ಡಿ. ಪ್ಲೇಯರಿನಿಂದ ಅದೇ ಎಳೆ ಬಂತು, ಟಕ್ ಎಂದು ನಿಂತಿತು. ಎರಡು ಬೆರಳು ಎತ್ತಿದ. ಮಾವ ಕಣ್ಣು ಮುಚ್ಚಿಕೊಂಡರು. ಆದರೆ ಡಬ್ಬಿಯಿಂದ ಸದ್ದೇ ಹೊರಡಲಿಲ್ಲ. "ವೈರ್ ಬಿಟ್ಕೊಂಡಿದೆ, ತಡಿ," ಎಂದು ನಯಾಜ್ ಹಿಂದಕ್ಕೆ ಬಗ್ಗಿದ. ಅದಲ್ಲ ಇದು ಎಂದು ಮುರಳಿಯೂ ಬಗ್ಗಿದ, ಆನಂದರೂ ಬಗ್ಗಿದರು. ಮೂವರ ಬೆನ್ನುಗಳೂ ನಮ್ಮ ಕಡೆಗಿದ್ದವು. ಮನೆಯಲ್ಲಿ ನಾನು ಕಾಯಿ ಮುರಿಯುವ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಕುರ್ಚಿಯಲ್ಲಿ ಮಾವ ಕಣ್ಣು ಮುಚ್ಚಿ, ಮೆಲ್ಲಗೆ ತಲೆದೂಗುತ್ತಿದ್ದರು, ಬಲಗೈ ಬೆರಳುಗಳು ಕುರ್ಚಿಯ ತೋಳಿನ ಮೇಲೆ ಆಡುತ್ತಿದ್ದವು. ನನ್ನ ಕೈ ನಿಂತಿತು. ಅಭ್ಯಾಸವಾಗಿದ್ದ ಆ ಅರ್ಧ ನಿಮಿಷ ಕಳೆದ ಮೇಲೆ ಅವರು ಕಣ್ಣು ಬಿಟ್ಟು, ಕಿವುಡರು ಮಾತಾಡುವ ದೊಡ್ಡ ದನಿಯಲ್ಲಿ ಹೇಳಿದರು:

"ಎರಡನೇದೇ ಕಣ್ರಪ್ಪ. ಎಷ್ಟು ತುಂಬ್ಕೊಂಡು ಬಂತು."

ಮೂವರೂ ಬಗ್ಗಿದಲ್ಲೇ ಉಳಿದರು. ಆನಂದ ಎದ್ದು ಸದ್ದಿಲ್ಲದೆ ಕುರ್ಚಿಯ ಹಿಂದೆ ಹೋಗಿ, ಬಲಗಿವಿಯ ಹತ್ತಿರ "ಅಪ್ಪ" ಎಂದರು. ಮತ್ತೆ ಜೋರಾಗಿ "ಅಪ್ಪ" ಎಂದು ಕೂಗಿದರು. ಮಾವ ತಿರುಗಲಿಲ್ಲ. ಅವರು ನನ್ನನ್ನು ನೋಡುತ್ತಿದ್ದರು, ನನ್ನ ಮುಖದಲ್ಲಿ ಏನು ಕಂಡಿತೋ, ಅವರಿಗೆ ಅರ್ಥವಾಯಿತು. ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ ತಲೆ ತಗ್ಗಿಸಿ ನಕ್ಕರು.

ಆನಂದ ಮುಂದೆ ಬಂದು ಅವರ ಕಾಲ ಹತ್ತಿರ ಕುಳಿತರು. ಯಾವಾಗಿನಿಂದ ಎಂದು ಕೈಸನ್ನೆಯಲ್ಲಿ ಕೇಳಿದರು.

"ಗೌರಿ ಹಬ್ಬದ ಹಿಂದೆಮುಂದೆ ಇರಬೇಕು. ಮೊದ್ಲು ಸಣ್ಣಗೆ ಬರ್ತಿತ್ತು. ಆಮೇಲೆ ಅದೂ ನಿಂತೋಯ್ತು."

"ಯಾಕಪ್ಪ ಹೇಳ್ಲಿಲ್ಲ?" ಎಂದು ಮಗನ ತುಟಿ ಅಲುಗಿದ್ದನ್ನು ಅವರು ನೋಡಿಕೊಂಡರು.

"ಹೇಳಿದ್ರೆ ನೀವು ಬರ್ತಿದ್ರೇನಪ್ಪ? ದಿನಾ ಸಾಯಂಕಾಲ ಓದಿದೋರು ಮೂರು ಜನ ನನ್ನ ಮುಂದೆ ನೆಲದ ಮೇಲೆ ಕೂತ್ಕೊಂಡು, ಯಾವುದು ಚೆನ್ನಾಗಿದೆ ಹೇಳಿ ಅಂತ ಕೇಳ್ತಿದ್ರಿ. ಹುಟ್ಟಿದಾಗಿಂದ ನನ್ನ ಯಾರಪ್ಪ ಹಂಗೆ ಕೇಳಿದೋರು?"

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಡಬ್ಬಿ, ಆ ಚಂದ್ರಿಕೆ, ಆ ಚಪ್ಪಡಿ ಕಲ್ಲು ಎಲ್ಲವನ್ನೂ ಬೀದಿಗೆ ಎಸೆಯಬೇಕೆನ್ನಿಸಿತು. "ಇನ್ನಾದ್ರೂ ಪೂರ್ತಿ ಹಾಕ್ರಿ," ಎಂದಷ್ಟೇ ಹೇಳಿದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ, ಯಾರಿಗೆಂದು ಹಾಕುವುದು? ಆದರೂ ಆನಂದ ಎದ್ದು ಹೋಗಿ ಹಾಕಿದರು. ಎರಡರಲ್ಲಿ ಯಾವುದಕ್ಕೆ ಹಾಕಿದರೆಂದು ಮುರಳಿಯಾಗಲಿ ನಯಾಜ್ ಆಗಲಿ ಕೇಳಲಿಲ್ಲ. ಆನಂದ ಮಾವನ ಕಡೆ ತಿರುಗಿ ಎರಡೂ ಕೈ ಅಗಲಿಸಿ, ಪೂರ್ತಿ ಎಂದು ತೋರಿಸಿದರು. ಮಾವ ಅಂಗಿ ಸರಿಮಾಡಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತರು.

ನಾವು ನಾಲ್ವರೂ ನೆಲದ ಮೇಲೆ ಕೂತು ಆ ತೋಡಿಯನ್ನು ಮೊದಲ ಸಲ ಕೇಳಿದೆವು. ಟಕ್ ಎಂದು ನಿಲ್ಲುತ್ತಿದ್ದ ಜಾಗ ಬಂತು, ಅದು ನಿಲ್ಲದೆ ಮುಂದೆ ಹೋಯಿತು. ಮಾವ ಹೇಳಿದ್ದು ನಿಜ. ಮೊದಲು ಅದು ಸುಮ್ಮನೆ ಅಲ್ಲೇ ಸುತ್ತಾಡುತ್ತದೆ, ಏನೋ ಹುಡುಕುತ್ತದೆ, ಬೇಜಾರೂ ಆಗುತ್ತದೆ. ಆಮೇಲೆ ಕಾಲು ಗಂಟೆ ಕಳೆದ ಮೇಲೆ ಬಾಯಿ ಬಿಡುತ್ತದೆ. ನಯಾಜ್ ಕರ್ಚೀಫಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ. ಮುರಳಿ ಚಂದ್ರಿಕೆಗೆ ಒರಗಿ ಕಣ್ಣು ಮುಚ್ಚಿದ್ದ. ಸದ್ದು ಗಟ್ಟಿಯಿತ್ತೋ ಬಿಚ್ಚಿಕೊಂಡಿತ್ತೋ ಒಬ್ಬರೂ ಹೇಳಲಿಲ್ಲ. ಮಾವ ಮಾತ್ರ ಆಗಾಗ ಅರೆಗಣ್ಣು ತೆರೆದು ನಮ್ಮ ಮುಖಗಳನ್ನು ನೋಡಿ, ಅದಕ್ಕೆ ತಕ್ಕಂತೆ ತಲೆದೂಗುತ್ತಿದ್ದರು.

ರಾಗ ಮುಗಿಯಿತು. ಎದ್ದು ಆರಿಸುವ ಧೈರ್ಯ ಯಾರಿಗೂ ಆಗಲಿಲ್ಲ. ನಮ್ಮಲ್ಲೊಬ್ಬರೂ ಅಲುಗಾಡದ್ದರಿಂದ ಮಾವ ತಲೆದೂಗುತ್ತಲೇ ಇದ್ದರು. ಸ್ವಲ್ಪ ಹೊತ್ತಾದ ಮೇಲೆ ಅವರಿಗೆ ಅನುಮಾನ ಬಂದು ಕಣ್ಣು ತೆರೆದರು.

"ಮುಗೀತೇನಪ್ಪ?" ಎಂದು ಮಗನನ್ನು ಕೇಳಿದರು.

ಆನಂದ ಇಲ್ಲವೆಂದು ತಲೆಯಾಡಿಸಿದರು. ಇನ್ನೂ ಇದೆ ಎಂದು ಕೈಯಲ್ಲಿ ತೋರಿಸಿದರು. ಮಾವ ಮತ್ತೆ ಕಣ್ಣು ಮುಚ್ಚಿಕೊಂಡರು.

ಆ ಸುಳ್ಳಿಗಾಗಿ ನನ್ನ ಗಂಡನನ್ನು ನಾನು ಅವತ್ತೇ ಕ್ಷಮಿಸಿದ್ದೇನೆ. ಅದಕ್ಕೆ ಹಿಂದಿನ ಆ ಅರ್ಧರ್ಧ ನಿಮಿಷಗಳಿಗಾಗಿ ಇವತ್ತಿಗೂ ಕ್ಷಮಿಸಿಲ್ಲ.